ಹುಲ್ಲಿನ ಹೆಸರು ತಿಳಿಸಿದ ಪಾದ್ರಿ: ಫಾದರ್ ಎಥೆಲ್‌ಬರ್ಟ್ ಬ್ಲಾಟರ್

ಮಳೆಗಾಲ ಮುಗಿದ ಮೇಲೆ ಪುಣೆಯ ವೇತಾಳ ಟೇಕಡಿ, ಪರ್ವತಿ ಮೊದಲಾದ ಗುಡ್ಡಗಳನ್ನು ಹತ್ತಿ ಬಂದವರಿಗೆ ಒಂದು ಅನುಭವ ಸಾಮಾನ್ಯವಾದುದು. ಮನೆಗೆ ಮರಳಿ ನೋಡಿದರೆ ಕಾಲುಚೀಲದ ತುಂಬ ಹುಲ್ಲಿನ ಮುಳ್ಳು ಚುಚ್ಚಿಕೊಂಡಿರುತ್ತದೆ. ಅದನ್ನು ಕಿತ್ತು ಬಿಸಾಡುವುದಷ್ಟೇ ನಮ್ಮ ಕೆಲಸ. ಆ ಮುಳ್ಳು ಯಾವ ಹುಲ್ಲಿನದು, ಅದಕ್ಕೊಂದು ಹೆಸರಿದೆಯೇ ಎಂದು ಯಾರೂ ವಿಚಾರಿಸುವುದಿಲ್ಲ. ಅಲ್ಪವಾದುದನ್ನು ತೃಣಸಮಾನವೆಂದು ಕರೆಯುವುದು ನಮ್ಮ ರೂಢಿಯೇ ಆಗಿದೆಯಲ್ಲವೇ?

ಆ ತೃಣಗಳಿಗಾಗಿಯೇ ತನ್ನ ಆಯುಷ್ಯದ ಬಹುಭಾಗವನ್ನು ಸವೆಸಿ, ಕೊನೆಗೆ ಇದೇ ಪುಣೆಯಲ್ಲಿ ಕಣ್ಣು ಮುಚ್ಚಿದ ವಿದೇಶೀ ವಿದ್ವಾಂಸನೊಬ್ಬನಿದ್ದನು. ಅವರೇ ಫಾದರ್ ಎಥೆಲ್‌ಬರ್ಟ್ ಬ್ಲಾಟರ್. ಸಸ್ಯಶಾಸ್ತ್ರ ಓದಿದವರಿಗೆ ಈ ಹೆಸರು ಚಿರಪರಿಚಿತ. ಇತರರಿಗೂ ಅವರ ಪರಿಚಯವಿರಬೇಕೆಂಬ ಉದ್ದೇಶದಿಂದ, ಹಾಗೂ ಅವರ ಕೆಲಸದಲ್ಲಿ ನಮ್ಮ ಕನ್ನಡ ನಾಡಿನ ಪಾಲೂ ಇರುವುದರಿಂದ, ಈ ಲೇಖನವನ್ನು ಬರೆಯಲಾಗಿದೆ.

ಸ್ವಿಟ್ಜರ್ಲೆಂಡಿನಿಂದ ಮುಂಬಯಿಗೆ

ಬ್ಲಾಟರ್ ಜನಿಸಿದ್ದು 1877ರ ಡಿಸೆಂಬರ್ 15ರಂದು, ಸ್ವಿಟ್ಜರ್ಲೆಂಡಿನಲ್ಲಿ. ಹಿಮದ ಬೆಟ್ಟಗಳ ಆ ನಾಡಿನಲ್ಲಿ ಬೆಳೆದ ಹುಡುಗ ಮುಂದೆ ಮರುಭೂಮಿಯ ಹುಲ್ಲುಗಳನ್ನು ಗುರುತಿಸುವ ಪಂಡಿತನಾಗುವನೆಂದು ಯಾರೂ ಊಹಿಸಿರಲಾರರು. ತರುಣ ವಯಸ್ಸಿನಲ್ಲಿಯೇ ಅವರು ಕ್ರೈಸ್ತರ ಜೆಸುಯಿಟ್ ಸಂಘವನ್ನು ಸೇರಿದರು. ಆ ಕಾಲದಲ್ಲಿ ಮುಂಬಯಿ ಮತ್ತು ಪುಣೆ ಪ್ರದೇಶದ ಜೆಸುಯಿಟ್ ಕಾರ್ಯವನ್ನು ಜರ್ಮನ್ ಪ್ರಾಂತದ ಪಾದ್ರಿಗಳು ನಡೆಸುತ್ತಿದ್ದರು. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜು, ಪುಣೆಯ ಸೇಂಟ್ ವಿನ್ಸೆಂಟ್ಸ್ ಶಾಲೆ ಇವೆಲ್ಲ ಅವರ ಆಡಳಿತದಲ್ಲಿಯೇ ಬೆಳೆದ ಸಂಸ್ಥೆಗಳು. ಬ್ಲಾಟರ್ 1903ರಲ್ಲಿ ಮುಂಬಯಿಗೆ ಬಂದು ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಅಧ್ಯಾಪಕರಾದರು.

ಮಧ್ಯದ ಕೆಲವು ವರ್ಷ ಅವರು ದೇವತಾಶಾಸ್ತ್ರದ ವ್ಯಾಸಂಗಕ್ಕಾಗಿ ಯುರೋಪಿಗೆ ಹೋದರು. ಆ ಅವಧಿಯಲ್ಲಿ ಲಂಡನ್ನಿನ ಕ್ಯೂ ಉದ್ಯಾನದ ಸಸ್ಯಸಂಗ್ರಹದಲ್ಲಿಯೂ ಕುಳಿತು ಭಾರತ ಮತ್ತು ಅರಬಸ್ತಾನದ ಒಣಸಸ್ಯಗಳನ್ನು ಅಭ್ಯಸಿಸಿದರು. ಏಡನ್ ಪ್ರದೇಶದ ಸಸ್ಯಗಳನ್ನು ಕುರಿತ ಅವರ ಗ್ರಂಥವು 1914ರಿಂದ 1916ರ ನಡುವೆ ಪ್ರಕಟವಾಯಿತು. ಬರಡು ನೆಲದ ಸಸ್ಯಗಳ ಮೇಲೆ ಅವರಿಗೆ ಹಿಡಿತ ದೊರೆತದ್ದು ಇಲ್ಲಿಂದಲೇ.

1915ರಲ್ಲಿ ಅವರು ಮುಂಬಯಿಗೆ ಮರಳುವ ಹೊತ್ತಿಗೆ ಮೊದಲನೆಯ ಮಹಾಯುದ್ಧ ನಡೆದಿತ್ತು. ಜರ್ಮನ್ ಪ್ರಜೆಗಳಾದ ಪಾದ್ರಿಗಳನ್ನು ಬ್ರಿಟಿಷ್ ಸರಕಾರವು ಶತ್ರುದೇಶದವರೆಂದು ಪರಿಗಣಿಸಿತು. ಹಲವರು ಬಂಧನ ಶಿಬಿರಗಳಿಗೆ ಹೋದರು, ಹಲವರನ್ನು ಸ್ವದೇಶಕ್ಕೆ ಕಳುಹಿಸಲಾಯಿತು. ದಶಕಗಳಿಂದ ಕಟ್ಟಿ ಬೆಳೆಸಿದ ಕಾಲೇಜಿನಲ್ಲಿ ಪಾಠ ಹೇಳುವವರೇ ವಿರಳವಾದರು. ಬ್ಲಾಟರ್ ತಟಸ್ಥ ದೇಶವಾದ ಸ್ವಿಟ್ಜರ್ಲೆಂಡಿನವರಾದುದರಿಂದ ಇಲ್ಲಿ ಉಳಿಯಲು ಸಾಧ್ಯವಾಯಿತು. ಉಳಿದ ಕೆಲವೇ ಜನರ ಮೇಲೆ ಕಾಲೇಜಿನ ಭಾರವೆಲ್ಲ ಬಿದ್ದಿತು. 1919ರಿಂದ 1924ರವರೆಗೆ ಬ್ಲಾಟರ್ ಅದರ ಪ್ರಾಚಾರ್ಯರಾಗಿದ್ದರು. ಇಷ್ಟೆಲ್ಲ ಜವಾಬ್ದಾರಿಯ ನಡುವೆಯೇ ಅವರು ಸಸ್ಯಗಳನ್ನು ಹುಡುಕುತ್ತ ಅಲೆದರೆಂಬುದು ಗಮನಿಸಬೇಕಾದ ಸಂಗತಿ.

ಮರುಭೂಮಿಯ ಯಾತ್ರೆ

1917ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಬ್ಲಾಟರ್ ತಮ್ಮ ಕಾಲೇಜಿನ ಸಹೋದ್ಯೋಗಿ ಪ್ರೊ. ಹಾಲ್‌ಬರ್ಗ್ ಅವರೊಡನೆ ಜೋಧಪುರ ಮತ್ತು ಜೈಸಲ್ಮೇರ ಸಂಸ್ಥಾನಗಳ ಮರುಭೂಮಿಯಲ್ಲಿ ಸಂಚರಿಸಿದರು. ಜೈಸಲ್ಮೇರದಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರಿಗಿಂತಲೂ ಕಡಿಮೆ. ನಮ್ಮಲ್ಲಿ ಬರಗಾಲದ ಜಿಲ್ಲೆಯೆಂದು ಹೆಸರಾದ ವಿಜಯಪುರದಲ್ಲಿ ಸಹ ಅದರ ಸುಮಾರು ಮೂರು ಪಟ್ಟು ಮಳೆಯಾಗುತ್ತದೆ ಎಂದರೆ ಆ ನಾಡಿನ ಒಣತನ ಅರ್ಥವಾದೀತು. ಜೈಸಲ್ಮೇರ ನಗರಕ್ಕೆ ರೈಲುಮಾರ್ಗ ಬಂದದ್ದು ಸ್ವಾತಂತ್ರ್ಯಾನಂತರವೇ.

ಈ ಯಾತ್ರೆಯ ಫಲವಾಗಿ ಭಾರತದ ಮರುಭೂಮಿಯ ಸಸ್ಯವರ್ಗವನ್ನು ಕುರಿತ ಲೇಖನಮಾಲೆಯು 1918ರಿಂದ 1921ರವರೆಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಮುಂದೆ 1978ರಲ್ಲಿ ಜೋಧಪುರದ ಎಂ. ಎಂ. ಭಂಡಾರಿಯವರು ಮರುಭೂಮಿಯ ಸಸ್ಯಗಳ ಬಗ್ಗೆ ಹೊಸ ಗ್ರಂಥ ಬರೆಯುವವರೆಗೂ ಈ ವಿಷಯದಲ್ಲಿ ಅದೇ ಮುಖ್ಯ ಆಧಾರವಾಗಿತ್ತು.

ಮರುಭೂಮಿಯೆಂದರೆ ಬರಿಯ ಮರಳು ಎಂಬ ಭಾವನೆ ನಮ್ಮಲ್ಲಿದೆ. ವಾಸ್ತವವಾಗಿ ಅಲ್ಲಿನ ಜನಜೀವನ ನಿಂತಿರುವುದು ಹುಲ್ಲಿನ ಮೇಲೆ. ಬೆಳೆ ಕೈಕೊಟ್ಟರೂ ದನ, ಕುರಿ, ಒಂಟೆಗಳು ಬದುಕಿದರೆ ಮನುಷ್ಯ ಬದುಕಿಯಾನು. ದನಗಳು ಬದುಕುವುದು ಯಾವ ಹುಲ್ಲು ಎಲ್ಲಿ ಎಷ್ಟಿದೆ ಎಂಬುದರ ಮೇಲೆ. ಎಲ್ಲ ಹುಲ್ಲೂ ಮೇವಲ್ಲ. ಆದುದರಿಂದ ಒಂದು ಹುಲ್ಲನ್ನು ಅದರ ದಾಯಾದಿ ಹುಲ್ಲಿನಿಂದ ಬೇರ್ಪಡಿಸಿ ಗುರುತಿಸುವುದು ಪಂಡಿತರ ವಿನೋದವಲ್ಲ, ಹೊಟ್ಟೆಯ ಪ್ರಶ್ನೆ.

ದಾಯಾದಿಗಳನ್ನು ಗುರುತಿಸುವ ಬಗೆ

ಜಗತ್ತಿನಲ್ಲಿ 11,000ಕ್ಕೂ ಹೆಚ್ಚು ಹುಲ್ಲಿನ ಜಾತಿಗಳಿವೆ. ಅಕ್ಕಿ, ಗೋಧಿ, ಜೋಳ, ರಾಗಿ, ನವಣೆ, ಸಾಮೆ, ಕಬ್ಬು, ಬಿದಿರು ಇವೆಲ್ಲವೂ ಹುಲ್ಲಿನ ಕುಲದವೇ. ಗಿಡಮರಗಳನ್ನು ಹೂವಿನ ಬಣ್ಣ ಮತ್ತು ದಳಗಳಿಂದ ಗುರುತಿಸಬಹುದು. ಹುಲ್ಲಿನ ಹೂವಿಗೆ ದಳಗಳ ಆಡಂಬರವಿಲ್ಲ. ಗಾಳಿಯೇ ಪರಾಗವನ್ನು ಒಯ್ಯುವುದರಿಂದ ದುಂಬಿಯನ್ನು ಕರೆಯುವ ಅಗತ್ಯವೂ ಅದಕ್ಕಿಲ್ಲ. ಸಣ್ಣ ಹೊಟ್ಟಿನಂಥ ಸಿಪ್ಪೆಗಳ ನಡುವೆ ಹೂವು ಅಡಗಿರುತ್ತದೆ. ಇಂಥ ಹೂಗಳ ಚಿಕ್ಕ ಗೊಂಚಲಿಗೆ ಕಿರುತೆನೆ ಎನ್ನಬಹುದು. ಹಲವು ಕಿರುತೆನೆಗಳು ಸೇರಿ ತೆನೆಯಾಗುತ್ತದೆ. ಕಿರುತೆನೆಯ ಸಿಪ್ಪೆಗಳ ಆಕಾರ, ಅವುಗಳ ಮೇಲಿನ ರೋಮ, ತುದಿಯ ಮುಳ್ಳು, ಎಲೆ ಕಾಂಡವನ್ನು ಸೇರುವಲ್ಲಿರುವ ನಾಲಗೆಯಂಥ ಪೊರೆ, ಇವುಗಳನ್ನು ಭೂತಗನ್ನಡಿಯಲ್ಲಿ ನೋಡಿಯೇ ಜಾತಿಯನ್ನು ನಿರ್ಣಯಿಸಬೇಕು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಮರುಭೂಮಿಯಲ್ಲಿ ಸೆಂಕ್ರಸ್ ಎಂಬ ಕುಲದ ಮೂರು ಹುಲ್ಲುಗಳು ಹೇರಳವಾಗಿವೆ. ಮೊದಲನೆಯದು ಸೆಂಕ್ರಸ್ ಸಿಲಿಯಾರಿಸ್. ರಾಜಸ್ಥಾನದವರು ಇದನ್ನು ಧಾಮಣ ಎಂದೂ ಇತರೆಡೆಯವರು ಅಂಜನ ಎಂದೂ ಕರೆಯುತ್ತಾರೆ. ಎರಡನೆಯದು ಸೆಂಕ್ರಸ್ ಸೆಟಿಜೆರಸ್, ಅಂದರೆ ಮೋಡಾ ಧಾಮಣ. ಮೂರನೆಯದು ಸೆಂಕ್ರಸ್ ಬೈಫ್ಲೋರಸ್, ಅಲ್ಲಿನವರ ಭುರಟ. ತೆನೆ ಬರುವ ಮೊದಲು ಈ ಮೂರನ್ನೂ ಬೇರ್ಪಡಿಸುವುದು ಅನುಭವಿಗಳಿಗೂ ಸುಲಭವಲ್ಲ.

ತೆನೆ ಬಂದ ಮೇಲೆ ನೋಡಬೇಕಾದುದು ಕಿರುತೆನೆಗಳ ಸುತ್ತಲಿನ ಬಿರುಗೂದಲುಗಳನ್ನು. ಧಾಮಣದಲ್ಲಿ ಈ ಕೂದಲುಗಳು ಉದ್ದವಾಗಿ, ಮೃದುವಾಗಿ, ಅಂಚಿನಲ್ಲಿ ಗರಿಯಂಥ ರೋಮಗಳಿಂದ ಕೂಡಿರುತ್ತವೆ. ಬುಡದಲ್ಲಿ ಮಾತ್ರ ಸ್ವಲ್ಪ ಕೂಡಿಕೊಂಡು ಉಳಿದಂತೆ ಬಿಡಿಬಿಡಿಯಾಗಿರುತ್ತವೆ. ಆದುದರಿಂದ ತೆನೆಯು ನರಿಯ ಬಾಲದಂತೆ ಮೆತ್ತಗೆ ಕಾಣುತ್ತದೆ. ಮೋಡಾ ಧಾಮಣದಲ್ಲಿ ಕೂದಲುಗಳು ಗಿಡ್ಡ. ಅವು ಬುಡದಲ್ಲಿ ಬೆಸೆದುಕೊಂಡು ಗಟ್ಟಿಯಾದ ಪುಟ್ಟ ಬಟ್ಟಲಿನಂತಾಗಿರುತ್ತವೆ. ಭುರಟದಲ್ಲಿ ಅವು ನಿಜವಾದ ಮುಳ್ಳುಗಳೇ. ಆ ಮುಳ್ಳಿನ ಮೇಲೆ ಮೀನಿನ ಗಾಳದಂತೆ ಹಿಂದಕ್ಕೆ ಬಾಗಿದ ಸೂಕ್ಷ್ಮ ಕೊಕ್ಕೆಗಳಿರುತ್ತವೆ. ಬಟ್ಟೆಗೆ ಅಥವಾ ಕುರಿಯ ಉಣ್ಣೆಗೆ ಹತ್ತಿದರೆ ಸುಲಭವಾಗಿ ಬಿಡುವುದಿಲ್ಲ.

ಮೊದಲಿನ ಎರಡು ಹಲವು ವರ್ಷ ಬಾಳುವ ಉತ್ತಮ ಮೇವಿನ ಹುಲ್ಲುಗಳು. ಭುರಟವು ಒಂದೇ ಮಳೆಗಾಲದ ಹುಲ್ಲು. ಎಳೆಯದಾಗಿದ್ದಾಗ ದನ ಮೇಯುತ್ತವೆ, ಮುಳ್ಳು ಬಲಿತ ಮೇಲೆ ಬಾಯಿ ಹಾಕುವುದಿಲ್ಲ. ಆದರೂ ಅದು ವ್ಯರ್ಥವಲ್ಲ. ಬರಗಾಲದಲ್ಲಿ ಮರುಭೂಮಿಯ ಬಡವರು ಭುರಟದ ಕಾಳನ್ನು ಬಿಡಿಸಿ ಸಜ್ಜೆಯೊಡನೆ ಬೆರೆಸಿ ರೊಟ್ಟಿ ಮಾಡಿಕೊಂಡು ತಿಂದು ಬದುಕಿದ್ದುಂಟು.

ಇದೇ ರೀತಿ ಮೂರು ಎಳೆಯ ಮುಳ್ಳುಳ್ಳ ಅರಿಸ್ಟಿಡಾ ಹುಲ್ಲುಗಳನ್ನೂ ಬೇರ್ಪಡಿಸಬೇಕಾಗುತ್ತದೆ. ಒಂದು ಜಾತಿಯಲ್ಲಿ ಮುಳ್ಳು ಬೀಜದ ಸಿಪ್ಪೆಗೆ ನೇರವಾಗಿ ಅಂಟಿರುತ್ತದೆ. ಇನ್ನೊಂದರಲ್ಲಿ ನಡುವೆ ಕೀಲು ಇದ್ದು, ಬಲಿತ ಮೇಲೆ ಅಲ್ಲಿಯೇ ಮುರಿಯುತ್ತದೆ. ಮರಳಿನ ದಿಬ್ಬಗಳ ಮೇಲಿನ ಸಮೀಪದ ಬಂಧುವೊಂದರ ಮುಳ್ಳು ನವಿರಾದ ಗರಿಯಂತಿದ್ದು ಗಾಳಿಯಲ್ಲಿ ತೇಲಿ ಹೋಗುತ್ತದೆ. ಮೊದಲಿನ ಎರಡೂ ನಮ್ಮ ಪುಣೆಯ ಗುಡ್ಡಗಳಲ್ಲಿಯೇ ಬೆಳೆಯುತ್ತವೆ.

ಮರುಭೂಮಿಯ ಹುಲ್ಲುಗಳಲ್ಲಿ ಶ್ರೇಷ್ಠವಾದುದು ಸೇವಣ. ಇದರ ತೆನೆ ರೇಷ್ಮೆಯಂಥ ಬಿಳಿಯ ರೋಮದಿಂದ ತುಂಬಿರುತ್ತದೆ. ಆಳವಾಗಿ ಬೇರುಬಿಟ್ಟು ಅಲೆದಾಡುವ ಮರಳನ್ನು ಹಿಡಿದು ನಿಲ್ಲಿಸುವ ಈ ಹುಲ್ಲನ್ನು ಅಂದಿನ ಗ್ರಂಥಗಳಲ್ಲಿ ಎಲಿಯೊನ್ಯೂರಸ್ ಹಿರ್ಸುಟಸ್ ಎಂದು ಕರೆಯುತ್ತಿದ್ದರು. ಇಂದು ಅದರ ಹೆಸರು ಲ್ಯಾಸಿಯುರಸ್ ಸಿಂಡಿಕಸ್. ಹೆಸರು ಬದಲಾಗಲು ಕಾರಣವೂ ಇಂಥದೇ ಸೂಕ್ಷ್ಮ ಪರೀಕ್ಷೆ.

ಕ್ಯಾಸಲ್‌ರಾಕ್‌ನ ಒಡನಾಡಿ

ಇಲ್ಲಿ ನಮ್ಮ ನಾಡಿನ ಪ್ರಸ್ತಾಪ ಬರುತ್ತದೆ. ಬ್ಲಾಟರ್ ಅವರ ಹುಲ್ಲಿನ ಅಧ್ಯಯನದಲ್ಲಿ ಅವರಿಗೆ ಜೊತೆಯಾದವರು ಚಾರ್ಲ್ಸ್ ಮೆಕ್ಕಾನ್. ಇವರು 1899ರಲ್ಲಿ ಹುಟ್ಟಿದ್ದು ಉತ್ತರ ಕನ್ನಡ ಜಿಲ್ಲೆಯ ಕ್ಯಾಸಲ್‌ರಾಕ್‌ನಲ್ಲಿ. ಗೋವೆಯ ಪೋರ್ತುಗೀಜ್ ಸೀಮೆಗೂ ಬ್ರಿಟಿಷ್ ಸೀಮೆಗೂ ನಡುವಿನ ಗಡಿ ನಿಲ್ದಾಣವಾಗಿದ್ದ ಆ ಪುಟ್ಟ ಊರು ಇಂದಿಗೂ ದಟ್ಟ ಕಾಡಿನ ನಡುವೆ ಇದೆ. ಮೆಕ್ಕಾನ್ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಲ್ಲಿ ದುಡಿದರು. ಹಕ್ಕಿ, ಹಾವು, ಗಿಡ, ಹುಲ್ಲು ಯಾವುದೂ ಅವರ ಕಣ್ಣಿಗೆ ತಪ್ಪುತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನ ವಿದ್ವಾಂಸನ ಶಾಸ್ತ್ರಜ್ಞಾನವೂ ಸಹ್ಯಾದ್ರಿಯಲ್ಲಿ ಹುಟ್ಟಿದವನ ಕಾಡಿನ ಪರಿಚಯವೂ ಹೀಗೆ ಒಂದುಗೂಡಿದವು.

ಅಂದಿನ ಮುಂಬಯಿ ಪ್ರಾಂತವು ಸಿಂಧಿನ ಮರಳುಗಾಡಿನಿಂದ ಹಿಡಿದು ಉತ್ತರ ಕನ್ನಡದ ಮಳೆಕಾಡಿನವರೆಗೆ ಹಬ್ಬಿತ್ತು. ಸಿಂಧವು ಬೇರೆ ಪ್ರಾಂತವಾದದ್ದು 1936ರಲ್ಲಿ. ಬೆಳಗಾವಿ, ಧಾರವಾಡ, ವಿಜಯಪುರ ಜಿಲ್ಲೆಗಳೂ ಈ ಪ್ರಾಂತದಲ್ಲಿಯೇ ಇದ್ದವು. ಹೀಗಾಗಿ ಮುಂಬಯಿ ಪ್ರಾಂತದ ಹುಲ್ಲುಗಳ ಅಧ್ಯಯನವೆಂದರೆ ಅರ್ಧ ಕನ್ನಡ ನಾಡಿನ ಅಧ್ಯಯನವೂ ಆಗಿತ್ತು. ಧಾರವಾಡದ ಕಡೆ ಸರಕಾರಿ ಅಧಿಕಾರಿ ಸೆಡ್ಜ್‌ವಿಕ್, ಕಾರವಾರದ ಕಡೆ ಅರಣ್ಯಾಧಿಕಾರಿ ಟಿ. ಆರ್. ಬೆಲ್ ಸಂಗ್ರಹಿಸಿದ ಸಸ್ಯಗಳು ಈ ಅಧ್ಯಯನಕ್ಕೆ ನೆರವಾದವು.

ಪುಣೆಗೂ ಈ ಪರಂಪರೆಯಲ್ಲಿ ಹಿರಿಯ ಸ್ಥಾನವಿದೆ. ಮುಂಬಯಿ ಪ್ರಾಂತದ ಸಸ್ಯಗಳ ಮೊದಲ ಸಮಗ್ರ ಗ್ರಂಥವನ್ನು 1901ರಿಂದ 1908ರ ನಡುವೆ ಪ್ರಕಟಿಸಿದ ಥಿಯೋಡೋರ್ ಕುಕ್ ಅವರು ಪುಣೆಯ ವಿಜ್ಞಾನ ಕಾಲೇಜಿನ ಪ್ರಾಚಾರ್ಯರಾಗಿದ್ದವರು. ಆ ಕಾಲೇಜೇ ಮುಂದೆ ಪ್ರಸಿದ್ಧ ಇಂಜಿನಿಯರಿಂಗ್ ಕಾಲೇಜಾಯಿತು. ಪುಣೆಯ ಕೃಷಿ ಕಾಲೇಜಿನಲ್ಲಿ ವಿಲಿಯಂ ಬರ್ನ್ಸ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಹುಲ್ಲುಗಾವಲುಗಳ ಮೇಲೆ ಪ್ರಯೋಗಗಳನ್ನು ನಡೆಸಿದ್ದರು. ಕುಕ್ ಅವರ ಗ್ರಂಥದ ನಂತರ ದೊರೆತ ಸಸ್ಯಗಳನ್ನು ಸೇರಿಸಿ, ತಪ್ಪುಗಳನ್ನು ತಿದ್ದುವ ಕಾರ್ಯವನ್ನು ಬ್ಲಾಟರ್ ಮತ್ತು ಮೆಕ್ಕಾನ್ 1926ರಿಂದ ಲೇಖನಮಾಲೆಯಾಗಿ ಆರಂಭಿಸಿದರು. ಹುಲ್ಲುಗಳ ಭಾಗ ಅದರಲ್ಲಿ ಬಹು ಮುಖ್ಯವಾದುದು. ಸಿಂಧೂ ನದಿಯ ಮುಖಜ ಭೂಮಿಯ ಸಸ್ಯಗಳ ಬಗ್ಗೆಯೂ ಅವರು ಟಿ. ಎಸ್. ಸಬ್ನಿಸ್ ಅವರೊಡನೆ ಸೇರಿ ಬರೆದರು.

ಕಾಲದೊಡನೆ ಪೈಪೋಟಿ

ಈ ಹೊತ್ತಿಗೆ ಬ್ಲಾಟರ್ ಅವರ ದೇಹಸ್ಥಿತಿ ಕೆಟ್ಟಿತ್ತು. ಹೃದಯದ ತೊಂದರೆಯಿಂದಾಗಿ ಮುಂಬಯಿಯ ಸೆಕೆಯನ್ನೂ ಕಾಲೇಜಿನ ದಗದವನ್ನೂ ಬಿಟ್ಟು ಅವರು 1920ರ ದಶಕದ ಮಧ್ಯದಲ್ಲಿ ಪಂಚಗಣಿಗೆ ಹೋಗಿ ಅಲ್ಲಿನ ಚರ್ಚಿನ ಪಾದ್ರಿಯಾದರು. ಇನ್ನೊಬ್ಬರಾಗಿದ್ದರೆ ಅದನ್ನು ವಿಶ್ರಾಂತಿಯೆಂದು ತಿಳಿಯುತ್ತಿದ್ದರು. ಬ್ಲಾಟರ್ ಅವರ ಬಹುಪಾಲು ಗ್ರಂಥಗಳು ಹೊರಬಂದದ್ದು ಈ ವರ್ಷಗಳಲ್ಲಿಯೇ. ಭಾರತ ಮತ್ತು ಸಿಂಹಳದ ತಾಳೆ ಜಾತಿಯ ಮರಗಳ ಗ್ರಂಥ 1926ರಲ್ಲಿ, ಕಾಶ್ಮೀರದ ಹೂಗಳನ್ನು ಕುರಿತ ಎರಡು ಸಂಪುಟಗಳು 1927 ಮತ್ತು 1928ರಲ್ಲಿ ಪ್ರಕಟವಾದವು. 1932ರಲ್ಲಿ ಬಂಗಾಲದ ಏಷಿಯಾಟಿಕ್ ಸೊಸೈಟಿಯು ಬ್ರೂಲ್ ಸ್ಮಾರಕ ಪದಕವನ್ನು ಮೊಟ್ಟಮೊದಲಿಗೆ ಅವರಿಗೇ ಇತ್ತು ಗೌರವಿಸಿತು.

ಆದರೆ ಹುಲ್ಲಿನ ಗ್ರಂಥ ಇನ್ನೂ ಬಾಕಿಯಿತ್ತು. ಪಶುಪಾಲನೆ ಮತ್ತು ಮೇವಿನ ಪ್ರಶ್ನೆಗೆ ಆಗ ಸರಕಾರವೂ ಗಮನ ಕೊಡತೊಡಗಿತ್ತು. 1899-1900ರ ಭೀಕರ ಬರದಲ್ಲಿ ಮುಂಬಯಿ ಪ್ರಾಂತದ ಲಕ್ಷಾಂತರ ದನಕರುಗಳು ಮೇವಿಲ್ಲದೆ ಸತ್ತದ್ದನ್ನು ಯಾರೂ ಮರೆತಿರಲಿಲ್ಲ. ರಾಜಮನೆತನದ ಹೆಸರಿನಲ್ಲಿ ನೇಮಕವಾದ ಕೃಷಿ ಆಯೋಗದ ಶಿಫಾರಸಿನಂತೆ 1929ರಲ್ಲಿ ಸ್ಥಾಪಿತವಾದ ಕೃಷಿ ಸಂಶೋಧನ ಮಂಡಳಿಯು ಮುಂಬಯಿ ಪ್ರಾಂತದ ಹುಲ್ಲುಗಳ ಗ್ರಂಥವನ್ನು ಪ್ರಕಟಿಸಲು ಒಪ್ಪಿತು. ಗಾವಲುಗಳನ್ನು ಸುಧಾರಿಸಬೇಕಾದರೆ ಯಾವ ಹುಲ್ಲು ಯಾವುದೆಂದು ಮೊದಲು ಗೊತ್ತಿರಬೇಕಷ್ಟೆ. ಹೆಸರು ತಪ್ಪಿದರೆ ಬೀಜ ತಪ್ಪುತ್ತದೆ. ಬೀಜ ತಪ್ಪಿದರೆ ಗಾವಲಿನಲ್ಲಿ ಮೇವಿನ ಬದಲು ಮುಳ್ಳು ಬೆಳೆಯುತ್ತದೆ.

1934ರ ಮೇ 26ರಂದು ಫಾದರ್ ಬ್ಲಾಟರ್ ಪುಣೆಯಲ್ಲಿ ನಿಧನ ಹೊಂದಿದರು. ಆಗ ಅವರಿಗೆ 56 ವರ್ಷ. ಮಳೆಗಾಲಕ್ಕೆ ಇನ್ನು ಕೆಲವೇ ದಿನ ಉಳಿದಿದ್ದು, ಗುಡ್ಡಗಳ ಹುಲ್ಲೆಲ್ಲ ಒಣಗಿ ಹೋಗುವ ಕಾಲವದು. ಮೆಕ್ಕಾನ್ ಅವರೊಡನೆ ಬರೆದ ಮುಂಬಯಿ ಹುಲ್ಲುಗಳ ಗ್ರಂಥವು ಮರುವರ್ಷ, 1935ರಲ್ಲಿ, ಹೊರಬಂದಿತು. ತಮ್ಮ ಕೃತಿಯ ಮುದ್ರಿತ ಪ್ರತಿಯನ್ನು ಕೈಯಲ್ಲಿ ಹಿಡಿದು ನೋಡುವ ಭಾಗ್ಯ ಅವರಿಗೆ ದೊರೆಯಲಿಲ್ಲ. ಮೆಕ್ಕಾನ್ ಕೆಲವು ವರ್ಷಗಳ ನಂತರ ನ್ಯೂಜಿಲೆಂಡಿಗೆ ಹೋಗಿ ನೆಲೆಸಿ, 1980ರಲ್ಲಿ ತೀರಿಕೊಂಡರು.

ಉಳಿದು ಬಂದ ಫಲ

ಬ್ಲಾಟರ್ ಸಂಗ್ರಹಿಸಿದ ಒಣಸಸ್ಯಗಳು ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಸುರಕ್ಷಿತವಾಗಿವೆ. ಆ ಸಂಗ್ರಹಕ್ಕೆ ಬ್ಲಾಟರ್ ಹರ್ಬೇರಿಯಂ ಎಂದೇ ಹೆಸರು. 1960ರಲ್ಲಿ ಎನ್. ಎಲ್. ಬೋರ್ ಅವರು ಭಾರತ, ಬರ್ಮಾ, ಸಿಂಹಳ, ಪಾಕಿಸ್ತಾನಗಳ ಹುಲ್ಲುಗಳ ಮೇಲೆ ಹೊತ್ತಗೆ ಬರೆಯುವುದಕ್ಕೆ ಮೊದಲು ಪಶ್ಚಿಮ ಭಾರತದ ಹುಲ್ಲುಗಳಿಗೆ ಬ್ಲಾಟರ್ ಮತ್ತು ಮೆಕ್ಕಾನ್ ಅವರ ಗ್ರಂಥವೇ ದಾರಿದೀಪವಾಗಿತ್ತು. ಇಂದು ಪುಣೆಯಲ್ಲಿ 1955ರಲ್ಲಿ ಸ್ಥಾಪಿತವಾದ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ವಲಯದ ಕೇಂದ್ರವಿದೆ, ಆಘಾರಕರ್ ಸಂಶೋಧನ ಸಂಸ್ಥೆಯಿದೆ. ಅಲ್ಲಿನ ಸಂಶೋಧಕರು ಹುಲ್ಲಿನ ಜಾತಿ ನಿರ್ಣಯಿಸುವಾಗ ಇಂದಿಗೂ ಆ ಹಳೆಯ ಗ್ರಂಥವನ್ನು ತೆರೆದು ನೋಡುವುದುಂಟು.

ಶಾಸ್ತ್ರ ಮುಂದುವರಿದಂತೆ ಕೆಲವು ಗೆರೆಗಳು ಅಳಿಸಿಹೋದವು. ಬ್ಲಾಟರ್ ಅವರ ಕಾಲದಲ್ಲಿ ಸಜ್ಜೆಯ ಕುಲ ಪೆನ್ನಿಸೆಟಮ್ ಬೇರೆ, ಮರುಭೂಮಿಯ ಸೆಂಕ್ರಸ್ ಬೇರೆ. ಬಿರುಗೂದಲು ಬುಡದವರೆಗೆ ಬಿಡಿಯಾಗಿದ್ದರೆ ಪೆನ್ನಿಸೆಟಮ್, ಬೆಸೆದಿದ್ದರೆ ಸೆಂಕ್ರಸ್ ಎಂಬುದು ನಿಯಮ. ಧಾಮಣ ಹುಲ್ಲು ಈ ಎರಡರ ನಡುವೆ ನಿಂತು, ಒಮ್ಮೆ ಈ ಕುಲಕ್ಕೂ ಒಮ್ಮೆ ಆ ಕುಲಕ್ಕೂ ಸೇರುತ್ತ ವಿದ್ವಾಂಸರನ್ನು ಕಾಡಿತ್ತು. ವಂಶವಾಹಿಗಳ ಪರೀಕ್ಷೆಯ ಆಧಾರದ ಮೇಲೆ 2010ರಲ್ಲಿ ಎರಡು ಕುಲಗಳನ್ನೂ ಒಂದುಗೂಡಿಸಲಾಯಿತು. ಇದರಿಂದ ಉತ್ತರ ಕರ್ನಾಟಕದ ನಮ್ಮ ಮನೆಗಳಲ್ಲಿ ಸಂಕ್ರಾಂತಿಗೆ ಎಳ್ಳು ಹಚ್ಚಿ ತಟ್ಟುವ ಸಜ್ಜೆಯ ರೊಟ್ಟಿಯೂ ಥಾರ್ ಮರುಭೂಮಿಯ ಭುರಟವೂ ಶಾಸ್ತ್ರದ ದೃಷ್ಟಿಯಲ್ಲಿ ಒಂದೇ ಮನೆತನದವಾದವು. ವ್ಯತ್ಯಾಸವಿಷ್ಟೇ: ಕಾಡುಹುಲ್ಲಿನ ಕಿರುತೆನೆ ಬಲಿತೊಡನೆ ಮುಳ್ಳುಸಮೇತ ಉದುರಿ ಹೋಗುತ್ತದೆ. ಸಜ್ಜೆಯ ಕಾಳು ತೆನೆಯಲ್ಲಿಯೇ ನಿಲ್ಲುತ್ತದೆ. ಸಾವಿರಾರು ವರ್ಷಗಳ ಹಿಂದೆ ಆಫ್ರಿಕದ ರೈತರು ಉದುರದ ತೆನೆಗಳನ್ನೇ ಆರಿಸಿ ಬಿತ್ತಿದ್ದರ ಫಲ ಇದು.

ಹೊಸ ಶಾಸ್ತ್ರ ಬಂದಿತೆಂದು ಬ್ಲಾಟರ್ ಅವರ ಕೆಲಸ ವ್ಯರ್ಥವಾಗಲಿಲ್ಲ. ಕುಲದ ಹೆಸರು ಬದಲಾದರೂ ಧಾಮಣ, ಮೋಡಾ ಧಾಮಣ, ಭುರಟಗಳ ನಡುವಿನ ಭೇದ ಅವರು ನೋಡಿದಂತೆಯೇ ಉಳಿದಿದೆ. ಬದಲಾದದ್ದು ನೆಲ. ಪುಣೆಯ ಪೂರ್ವಕ್ಕಿರುವ ಸಾಸವಡ, ಬಾರಾಮತಿಗಳ ಕಡೆಯ ಹುಲ್ಲುಗಾವಲುಗಳಾಗಲಿ, ನಮ್ಮ ಕೊಪ್ಪಳ, ಗದಗ, ಬಳ್ಳಾರಿಗಳ ಕಡೆಯವಾಗಲಿ, ಕಾಗದಪತ್ರಗಳಲ್ಲಿ ಬಹುಮಟ್ಟಿಗೆ ಬಂಜರು ಭೂಮಿಯೆಂದೇ ದಾಖಲಾಗಿವೆ. ತೋಳ, ಎರೆಹಕ್ಕಿ, ಕುರಿಗಾರರ ಹಿಂಡು ಇವೆಲ್ಲ ಅದೇ ನೆಲವನ್ನು ನಂಬಿವೆ. ಹೆಸರಿಲ್ಲದ ಹುಲ್ಲು ಬೆಳೆದ ನೆಲವನ್ನು ಖಾಲಿ ನೆಲವೆಂದು ತಿಳಿಯುವುದು ಸುಲಭ. ಆ ನೆಲದಲ್ಲಿ ಇಂತಿಷ್ಟು ಬಗೆಯ ಹುಲ್ಲುಗಳಿವೆ, ಅವುಗಳ ಹೆಸರು ಇವು ಎಂದು ಬರೆದಿಟ್ಟವರ ಉಪಕಾರ ಆಗ ತಿಳಿಯುತ್ತದೆ.

ನಮ್ಮಲ್ಲಿ ಅನೇಕರ ಹಿರಿಯರು ಒಕ್ಕಲುತನದ ಮನೆಗಳಿಂದ ಬಂದವರು. ದನಕ್ಕೆ ಯಾವ ಹುಲ್ಲು ಹಾಕಬೇಕು, ಯಾವುದು ಬಾಯಿಗೆ ಚುಚ್ಚುತ್ತದೆ ಎಂಬುದು ಅವರಿಗೆ ಕೈಮೇಲಿನ ಗೆರೆಯಷ್ಟು ಪರಿಚಿತವಾಗಿತ್ತು. ಆ ಹೆಸರುಗಳು ಒಂದು ತಲೆಮಾರಿನೊಡನೆ ಮರೆಯಾಗುತ್ತಿವೆ. ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ಅವರಿಂದ ಕೇಳಿ ಬರೆದಿಟ್ಟುಕೊಳ್ಳಬಹುದು. ಬರುವ ಅಕ್ಟೋಬರಿನಲ್ಲಿ ಮಕ್ಕಳೊಡನೆ ಗುಡ್ಡಕ್ಕೆ ಹೋದಾಗ ಒಂದು ಭೂತಗನ್ನಡಿಯನ್ನು ಜೊತೆಗೆ ಒಯ್ದು, ಕಾಲುಚೀಲಕ್ಕೆ ಹತ್ತಿದ ಮುಳ್ಳನ್ನು ಬಿಸಾಡುವ ಮೊದಲು ಒಮ್ಮೆ ನೋಡಿದರೂ ಸಾಕು. ಈ ಊರಿನಲ್ಲಿಯೇ ಕೊನೆಯುಸಿರೆಳೆದ ಆ ಪಾದ್ರಿಯ ಸ್ಮರಣೆಗೆ ಅದಕ್ಕಿಂತ ಯೋಗ್ಯವಾದುದು ಬೇರಿಲ್ಲ.